ಬೋರ್ಡ್ ಇಲ್ಲದ ಹಳೇ ಬುಕ್ಕಿನಂಗಡಿ: ಬರೆಯುವವರು ಒಮ್ಮೆ ಹೋಗಿ ನೋಡಿ

ಮೊದಲೇ ಹೇಳಿಬಿಡುತ್ತೇನೆ, ಬೇಕಾದ ಪುಸ್ತಕದ ಹೆಸರು ನಿಮಗೆ ಗೊತ್ತಿದ್ದರೆ ಈ ಅಂಗಡಿಗೆ ಹೋಗಬೇಡಿ. ಸಿಗುವುದಿಲ್ಲ. ಹೆಸರು ಗೊತ್ತಿದ್ದವರಿಗೆ ಆನ್‌ಲೈನ್ ಇದೆ, ದೊಡ್ಡ ಮಳಿಗೆಗಳಿವೆ, ಎಸಿ ಇದೆ. ಇದು ಏನು ಓದಬೇಕು ಅಂತ ಗೊತ್ತಿಲ್ಲದವರ ಅಂಗಡಿ. ಅದರಲ್ಲೂ ಕಥೆ, ಕವಿತೆ, ಅಂಕಣ ಅಂತ ಏನಾದರೂ ಬರೆಯುವ ಚಟ ಇದ್ದು, ಈಚೆಗೆ ಬರೆದದ್ದೆಲ್ಲ ಒಂದೇ ಥರ ಆಗ್ತಿದೆ ಅಂತ ಅನುಮಾನ ಬಂದವರಿಗೆ ಮಂಗಳೂರಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಹಂಪನಕಟ್ಟೆಯಿಂದ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದ ಕಡೆ ಇಳಿಯುವಾಗ ಎಡಕ್ಕೆ ಬಲಕ್ಕೆ ಒಳದಾರಿಗಳಿವೆಯಲ್ಲ, ಅದರಲ್ಲೊಂದು. ಬೋರ್ಡ್ ಇಲ್ಲ. ‘ಹಳೇ ಬುಕ್ಕಿನಂಗಡಿ’ ಅಂತ ಕೇಳಿದರೆ ಜೆರಾಕ್ಸ್ ಅಂಗಡಿಯವರು ತಲೆ ಎತ್ತದೆ ಕೈ ತೋರಿಸುತ್ತಾರೆ. ಇದರ ಬಗ್ಗೆ ಬರೆಯುತ್ತೇನೆ ಅಂದಾಗ ಅಂಗಡಿಯವರು ಒಂದೇ ಕಂಡೀಷನ್ ಹಾಕಿದ್ದು. ‘ಹೆಸರು ಹಾಕಬೇಡಿ ಮಾರಾಯ್ರೆ. ಮತ್ತೆ ಜನ ಫೋನ್ ಮಾಡಿ ಅದು ಉಂಟಾ ಇದು ಉಂಟಾ ಕೇಳ್ತಾರೆ. ಹುಡುಕಿ ಕೊಡುವವರು ಯಾರು?’

ಹಾಗಾಗಿ ಹೆಸರಿಲ್ಲ. ಹುಡುಕಿಕೊಳ್ಳಿ.

ಒಳಗೆ ಹೋದ ತಕ್ಷಣ ಬೇಸರ ಆಗುತ್ತದೆ. ಮುಂದಿನ ಭಾಗ ಪೂರ್ತಿ ಪಿಯುಸಿ, ಸಿಇಟಿ, ನೀಟ್, ಬ್ಯಾಂಕ್ ಪರೀಕ್ಷೆ ಗೈಡುಗಳು. ಬಾಡಿಗೆ ಕಟ್ಟುವುದು ಅವುಗಳೇ, ಪಾಪ, ಅಂಗಡಿಯವರನ್ನು ದೂರುವ ಹಾಗಿಲ್ಲ. ಅದನ್ನು ದಾಟಿ, ಅಡ್ಡ ತಿರುಗಿ, ಹೊಟ್ಟೆ ಒಳಗೆ ಎಳೆದುಕೊಂಡು ಹೋದರೆ ಹಿಂದಿನ ಕೋಣೆ ಸಿಗುತ್ತದೆ. ನೆಲದಿಂದ ತಲೆಯ ಎತ್ತರಕ್ಕೆ ಪುಸ್ತಕ. ವಿಂಗಡಣೆ ಅನ್ನುವುದು ಇಲ್ಲವೇ ಇಲ್ಲ. ಭೂಸುಧಾರಣೆ ಕಾಯ್ದೆಯ ಮೇಲೆ ಮಕ್ಕಳ ಪದ್ಯ, ಅದರ ಮೇಲೆ ಅಡಿಕೆಗೆ ಮದ್ದು ಬಿಡುವ ಬಗ್ಗೆ ಕೃಷಿ ಇಲಾಖೆಯ ಕಿರುಹೊತ್ತಗೆ, ಅದರ ಮೇಲೆ ಪತ್ತೇದಾರಿ ಕಾದಂಬರಿ, ಅದರ ಮೇಲೆ ಯಾರದೋ ಷಷ್ಟ್ಯಬ್ದಿ ಸಂಚಿಕೆ. ಮನೆ ಖಾಲಿ ಮಾಡುವವರು ಗೋಣಿಯಲ್ಲಿ ತಂದು ಸುರಿದ ಹಾಗೆಯೇ ಇದೆ. ಒಂದು ಗೋಣಿ ಅಂದರೆ ಒಬ್ಬರ ಮನೆಯ ಕಪಾಟು. ಹಾಗಾಗಿ ಒಂದು ರಾಶಿಯಲ್ಲಿ ಪೂರ್ತಿ ಒಬ್ಬ ಮನುಷ್ಯ ಓದಿದ್ದೆಲ್ಲ ಒಟ್ಟಿಗೆ ಸಿಗುತ್ತದೆ, ಇದು ಬೇರೆ ಯಾವ ಅಂಗಡಿಯಲ್ಲೂ ಇಲ್ಲ.

ದೊಡ್ಡ ಅಂಗಡಿಯಲ್ಲಿ ನಾವೇನು ಮಾಡುತ್ತೇವೆ ಹೇಳಿ. ಕಥೆ ಬರೆಯುವವರು ಸೀದಾ ‘ಕಥೆ’ ಅಂತ ಬರೆದ ಕಪಾಟಿಗೆ ಹೋಗುತ್ತೇವೆ. ಗೊತ್ತಿರುವ ನಾಲ್ಕು ಹೆಸರು ಹುಡುಕುತ್ತೇವೆ, ಅದರಲ್ಲಿ ಒಂದು ತೆಗೆದುಕೊಂಡು ಬರುತ್ತೇವೆ. ವಿಜ್ಞಾನದ ಕಪಾಟಿನ ಮುಂದೆ ನಿಂತವರನ್ನು ನೋಡಿದರೆ ಇವರು ಮೇಷ್ಟ್ರಿರಬೇಕು ಅಂತ ಅಂದುಕೊಳ್ಳುತ್ತೇವೆ. ಇಲ್ಲಿ ಆ ಅನುಕೂಲ ಇಲ್ಲ. ಒಂದು ಕಥಾಸಂಕಲನ ಎಳೆಯಬೇಕಾದರೆ ಅದರ ಮೇಲಿನ ಹತ್ತು ಪುಸ್ತಕ ಕೈಯಲ್ಲಿ ಎತ್ತಿ ಪಕ್ಕಕ್ಕೆ ಇಡಬೇಕು. ಎತ್ತಿದ ಮೇಲೆ ಒಂದು ಪುಟ ತೆರೆಯದೆ ಇರಲಿಕ್ಕೆ ಆಗುವುದಿಲ್ಲ, ಅಲ್ವಾ?

ಭಾರತದ ಗ್ರಂಥಾಲಯ ಶಾಸ್ತ್ರದ ದೊಡ್ಡ ಹೆಸರು ಎಸ್.ಆರ್. ರಂಗನಾಥನ್. ಅವರು 1917ರಲ್ಲಿ ಪಾಠ ಹೇಳಲು ಶುರು ಮಾಡಿದ್ದು ನಮ್ಮ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ, ಅದೂ ಗಣಿತ. ಈಗಿನ ಹಂಪನಕಟ್ಟೆಯ ಯೂನಿವರ್ಸಿಟಿ ಕಾಲೇಜು ಅದೇ, ಈ ಅಂಗಡಿಯಿಂದ ನಡೆದು ಹೋಗುವಷ್ಟು ಹತ್ತಿರ. 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಲೈಬ್ರರಿಗೆ ಹೋದ ಆ ಗಣಿತದ ಮೇಷ್ಟ್ರು 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಬರೆದರು. ಅದರಲ್ಲಿ ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಅಂತ. ನಾಲ್ಕನೆಯದು, ಓದುಗನ ಸಮಯ ಉಳಿಸಬೇಕು ಅಂತ. ನಮ್ಮ ಅಂಗಡಿ ಮೂರನೆಯದರಲ್ಲಿ ಫಸ್ಟ್ ಕ್ಲಾಸ್ ಪಾಸು. ನಾಲ್ಕನೆಯದರಲ್ಲಿ ಸೊನ್ನೆ. ರಂಗನಾಥನ್ ಒಳಗೆ ಬಂದಿದ್ದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರೇನೋ. ಆದರೆ ಬರೆಯುವವರಿಗೆ ಸಮಯ ಉಳಿಸಿ ಏನಾಗಬೇಕು?

ಇನ್ನು ಈ ಅಂಗಡಿಯ ನಿಜವಾದ ಸೇವೆ ಇರುವುದು ವಾಪಸ್ ತೆಗೆದುಕೊಳ್ಳುವುದರಲ್ಲಿ. ಇಲ್ಲಿಂದ ಕೊಂಡ ಪುಸ್ತಕವನ್ನು ಓದಿ ವಾಪಸ್ ತಂದರೆ ಕೊಟ್ಟ ದುಡ್ಡಿನ ಅರ್ಧಕ್ಕೆ ಬೇರೆ ಪುಸ್ತಕ ಒಯ್ಯಬಹುದು. ದುಡ್ಡು ಕೈಗೆ ಕೊಡುವುದಿಲ್ಲ, ಪುಸ್ತಕವನ್ನೇ ತೆಗೆದುಕೊಳ್ಳಬೇಕು. ಮೇಲ್ನೋಟಕ್ಕೆ ಸಣ್ಣ ವಿಷಯ. ಆದರೆ ಯೋಚನೆ ಮಾಡಿ, ನಾವು ಬೇರೆ ಬೇರೆ ಥರದ ಪುಸ್ತಕ ಓದದೇ ಇರುವುದಕ್ಕೆ ಸೋಮಾರಿತನ ಒಂದೇ ಕಾರಣ ಅಲ್ಲ. ನಾನ್ನೂರು ರೂಪಾಯಿ ಕೊಟ್ಟು ಗಿಡಮೂಲಿಕೆ ಪುಸ್ತಕ ತಂದು ಅದು ಇಷ್ಟ ಆಗದಿದ್ದರೆ? ಆ ಹೆದರಿಕೆಗೆ ಗೊತ್ತಿರುವ ಹೆಸರನ್ನೇ ಮತ್ತೆ ಮತ್ತೆ ಕೊಳ್ಳುತ್ತೇವೆ. ಇಲ್ಲಿ 40 ರೂಪಾಯಿಯ ಪುಸ್ತಕ ಇಷ್ಟ ಆಗದಿದ್ದರೆ ಹೋಗುವುದು 20 ರೂಪಾಯಿ. ಎರಡು ಚಹಾದ ದುಡ್ಡು. ಇಷ್ಟು ಅಗ್ಗವಾಗಿ ಬೇಡದ ಪುಸ್ತಕ ಓದುವ ಅವಕಾಶ ಬೇರೆ ಎಲ್ಲಿದೆ?

ಈಗ ಅಂಥ ಬೇಡದ ಪುಸ್ತಕಗಳ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳಬೇಕು.

ನಮ್ಮದೊಂದು ಸಣ್ಣ ಗುಂಪಿದೆ. ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಸೇರಿ ಬರೆದದ್ದನ್ನು ಓದುತ್ತೇವೆ. ಗೆಳೆಯರೊಬ್ಬರು ಒಂದು ಕಥೆ ತಂದಿದ್ದರು. ಎಪ್ಪತ್ತರ ದಶಕದ ಕಥೆ, ಒಕ್ಕಲು ಮತ್ತು ಧಣಿ, ಗೇಣಿಗೆ ಮಾಡುವ ಭೂಮಿ ತಮಗೆ ಬರಬೇಕು ಅಂತ ಒಕ್ಕಲುಗಳು ಡಿಕ್ಲರೇಶನ್ ಅರ್ಜಿ ಕೊಟ್ಟ ಸಮಯ. ಭಾಷೆ ಚೆನ್ನಾಗಿತ್ತು, ಮಳೆ ಚೆನ್ನಾಗಿತ್ತು. ಟ್ರಿಬ್ಯೂನಲ್ಲಿನ, ಅಂದರೆ ಆ ಅರ್ಜಿ ತೀರ್ಮಾನ ಮಾಡುವ ಭೂನ್ಯಾಯ ಮಂಡಳಿಯ, ದೃಶ್ಯದಲ್ಲಿ ಧಣಿಯ ಪರವಾಗಿ ಕರಿಕೋಟಿನ ವಕೀಲರೊಬ್ಬರು ಎದ್ದು ನಿಂತು ಇಂಗ್ಲಿಷಿನಲ್ಲಿ ಅಬ್ಬರಿಸುತ್ತಾರೆ, ಒಕ್ಕಲಿನವ ಕಣ್ಣೀರು ಹಾಕುತ್ತಾನೆ. ಮನೆಯ ಯಜಮಾನರು, ವಯಸ್ಸಾದವರು, ಗುಂಪಿನವರಲ್ಲ, ಚಾವಡಿಯಲ್ಲಿ ಪೇಪರ್ ಓದುತ್ತಿದ್ದರು. ಅಲ್ಲಿಂದಲೇ ಹೇಳಿದರು, ‘ಟ್ರಿಬ್ಯೂನಲ್ಲಿಗೆ ವಕೀಲರು ಎಂತ ಬರುವುದು? ಬಿಡ್ತಿರ್ಲಿಲ್ಲ ಆಗ.’

ನಿಜ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ಕಾಯ್ದೆಯ ತಿದ್ದುಪಡಿಯಲ್ಲಿ ಭೂನ್ಯಾಯ ಮಂಡಳಿಯ ಮುಂದೆ ವಕೀಲರು ಹಾಜರಾಗುವಂತಿಲ್ಲ ಅಂತಲೇ ಇತ್ತು. ಆ ನಿಯಮ ಹೋಗಿದ್ದು 1987ರ ಸುಪ್ರೀಂ ಕೋರ್ಟ್ ತೀರ್ಪಿನಿಂದ. ಈಗ ಕಥೆಯನ್ನು ಮತ್ತೆ ನೋಡಿ. ವಕೀಲರಿಲ್ಲ ಅಂದರೆ ಧಣಿ ಮತ್ತು ಒಕ್ಕಲು ಇಬ್ಬರೇ ಎದುರೆದುರು ನಿಂತು ತಮ್ಮ ಬಾಯಲ್ಲೇ ಮಾತಾಡಬೇಕು. ಅಷ್ಟು ವರ್ಷ ಅಂಗಳದ ಕೆಳಗೆ ನಿಂತು ಮಾತಾಡಿದವನು ಈಗ ಸಮಕ್ಕೆ ನಿಂತು, ‘ಈ ಗದ್ದೆ ನಾನು ಮಾಡಿದ್ದು’ ಅನ್ನಬೇಕು. ಧಣಿ ಅವನನ್ನು ಏನು ಅಂತ ಕರೆಯಬೇಕು ಆಗ? ಹೆಸರು ಹಿಡಿದಾ, ಎಂದಿನ ಹಾಗಾ? ಕರಿಕೋಟು ಹಾಕಿದ ಆ ಸಿನಿಮಾ ದೃಶ್ಯಕ್ಕಿಂತ ಇದು ಎಷ್ಟು ಪಾಲು ಮೇಲು. ಕಾನೂನಿನ ಪುಸ್ತಕ ಕಥೆಗಾರನಿಗೆ ತಪ್ಪು ತಿದ್ದಿಕೊಡಲಿಕ್ಕೆ ಮಾತ್ರ ಅಂತ ಅಂದುಕೊಂಡರೆ ಅರ್ಧ ಮಾತ್ರ ಸರಿ. ಅದು ಒಳ್ಳೆಯ ದೃಶ್ಯವನ್ನೇ ಕೈಗೆ ಕೊಡುತ್ತದೆ.

ಆ ವಾರವೇ ಅಂಗಡಿಯಲ್ಲಿ ಭೂಸುಧಾರಣೆ ಕಾಯ್ದೆಯ ಹಳೆಯ ಕೈಪಿಡಿಯೊಂದು ಸಿಕ್ಕಿತು. ಮೂಲಗೇಣಿ (ಕಾಯಂ ಗೇಣಿ), ಚಾಲಗೇಣಿ (ವರ್ಷ ವರ್ಷದ ಗೇಣಿ), ಒಕ್ಕಲು ಅರ್ಜಿ ಹಾಕುವ ಫಾರಂ ನಂಬರ್ 7, ಎಲ್ಲ ಇತ್ತು. ಅದರ ಜೊತೆಗೇ ಅಳಿಯಸಂತಾನ ಕಟ್ಟಿನ ಬಗ್ಗೆ ಒಂದು ಪುಸ್ತಕ. ನಮ್ಮ ಜಿಲ್ಲೆಯ ಎಷ್ಟೊಂದು ಕುಟುಂಬಗಳಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿತ್ತು, 1949ರಲ್ಲಿ ಮದ್ರಾಸು ಸರಕಾರದ ಕಾಯ್ದೆ ಬಂದು ಪಾಲು ಕೇಳುವ ದಾರಿ ಮಾಡಿಕೊಟ್ಟಿತು, ಆಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ. ಇವಿಷ್ಟು ಗೊತ್ತಿಲ್ಲದೆ ಇಲ್ಲಿನ ಒಂದು ಕೂಡುಕುಟುಂಬದ ಕಥೆ ಬರೆದರೆ ಸೋದರಮಾವ ಯಾಕೆ ಅಳಿಯನ (ಅಕ್ಕತಂಗಿಯ ಮಗನ) ಮೇಲೆ ಅಷ್ಟು ಹಕ್ಕು ಚಲಾಯಿಸುತ್ತಾನೆ, ತಂದೆ ಯಾಕೆ ತನ್ನ ಮಕ್ಕಳ ಮನೆಯಲ್ಲಿ ನೆಂಟನ ಹಾಗೆ ಕೂರುತ್ತಾನೆ ಅಂತಲೇ ಗೊತ್ತಾಗುವುದಿಲ್ಲ. ಸಿಟ್ಟು ಎಲ್ಲಿಂದ ಹುಟ್ಟುತ್ತದೆ ಅಂತ ತಿಳಿಯದೆ ಸಿಟ್ಟಿನ ಮಾತು ಬರೆಯುವುದು ಹೇಗೆ?

ಇನ್ನೊಂದು ವಿಷಯ. ಕೋರ್ಟಿನ ತೀರ್ಪು ಬರೆಯುವವರು ಎರಡೂ ಕಡೆಯವರು ಹೇಳಿದ್ದನ್ನು ಮೊದಲು ಪೂರ್ತಿ ಹೇಳಲೇಬೇಕು. ಸೋಲುವವನ ಮಾತನ್ನೂ ಅವನ ಬಲ ಕಡಿಮೆಯಾಗದ ಹಾಗೆ ಬರೆಯಬೇಕು. ನಾವು ಕಥೆ ಬರೆಯುವವರು ಮೊದಲ ಪುಟದಲ್ಲೇ ಯಾರು ಒಳ್ಳೆಯವರು ಅಂತ ತೀರ್ಮಾನ ಮಾಡಿ ಆಗಿರುತ್ತದೆ.

ಪತ್ತೇದಾರಿ ಪುಸ್ತಕಗಳಿಗೆ ಬರುತ್ತೇನೆ. ಸಾಹಿತ್ಯ ಗೊತ್ತಿರುವವರು ಇದನ್ನು ಓದಿದರೂ ಓದಿದೆ ಅಂತ ಹೇಳುವುದಿಲ್ಲ. ಎನ್. ನರಸಿಂಹಯ್ಯನವರು 500ಕ್ಕೂ ಹೆಚ್ಚು ಕಾದಂಬರಿ ಬರೆದವರು, ಪತ್ತೇದಾರ ಪುರುಷೋತ್ತಮನನ್ನು ಮನೆಮನೆಗೆ ತಂದವರು, ಅವರು ಓದಿದ್ದು ನಾಲ್ಕನೇ ಕ್ಲಾಸು. ಒಂದು ಕಾಲದಲ್ಲಿ ಬಾಡಿಗೆ ಲೈಬ್ರರಿಗಳು ನಡೆದದ್ದೇ ಇಂಥ ಪುಸ್ತಕಗಳಿಂದ. ಇಲ್ಲಿ ಅವುಗಳ ಕಟ್ಟುಗಳೇ ಸಿಗುತ್ತವೆ, ಒಳಗೆ ಊರೂರಿನ ಲೈಬ್ರರಿ ಸೀಲು, ವಾಪಸ್ ಕೊಡುವ ತಾರೀಖು. ಭಾಷೆಯಲ್ಲಿ ನುಣುಪು ಹುಡುಕಬೇಡಿ. ಆದರೆ ಒಂದು ಕೆಲಸ ಮಾಡಿ. ಒಂದು ಪುಸ್ತಕ ಓದಿ ಮುಗಿಸಿ, ಮತ್ತೆ ಮೊದಲಿಂದ ಪೆನ್ಸಿಲ್ ಹಿಡಿದು ಓದಿ. ಕೊಲೆಗಾರ ಯಾರು ಅಂತ ಗೊತ್ತಾದ ಮೇಲೆ, ಬರೆದವರು ಆ ವಿಷಯವನ್ನು ಎಲ್ಲೆಲ್ಲಿ ಕಣ್ಣ ಮುಂದೆಯೇ ಇಟ್ಟು ನಮ್ಮ ಗಮನವನ್ನು ಬೇರೆ ಕಡೆ ಎಳೆದರು ಅಂತ ಗುರುತು ಹಾಕಿ. ಯಾವ ವಿಷಯವನ್ನು ಯಾವಾಗ ಹೇಳಬೇಕು ಅನ್ನುವುದನ್ನು ಇಷ್ಟು ಬಿಚ್ಚಿ ತೋರಿಸುವ ಬರವಣಿಗೆ ಬೇರೆ ಇಲ್ಲ. ‘ಗಂಭೀರ’ ಕಥೆಗಳಲ್ಲಿ ಹಿನ್ನೆಲೆ ಪೂರ್ತಿ ಮೊದಲ ಎರಡು ಪ್ಯಾರಾದಲ್ಲಿ ಸುರಿದು, ಆಮೇಲೆ ಏನೂ ಉಳಿಯದೆ ಸುಮ್ನೆ ಕಿಟಕಿಯಾಚೆ ನೋಡುತ್ತಾ ಕೂರುವ ಪಾತ್ರಗಳನ್ನು ಎಷ್ಟು ನೋಡಿಲ್ಲ ನಾವು!

ಗಿಡಮರದ ಪುಸ್ತಕಗಳು ಇಲ್ಲಿ ತುಂಬ ಅಗ್ಗ, ಯಾಕೆಂದರೆ ಯಾರಿಗೂ ಬೇಡ. ನಮ್ಮಲ್ಲಿ ಬಿ.ಜಿ.ಎಲ್. ಸ್ವಾಮಿ ಅಂಥವರೇ ಇದ್ದರು, ಸಸ್ಯಶಾಸ್ತ್ರದ ಪ್ರೊಫೆಸರು. ವಿದ್ಯಾರ್ಥಿಗಳನ್ನು ಕಾಡಿಗೆ ಕರೆದುಕೊಂಡು ಹೋದ ಸುತ್ತಾಟವನ್ನು ‘ಹಸುರು ಹೊನ್ನು’ ಅಂತ ಬರೆದರು, 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದನ್ನು ಯಾವ ಕಪಾಟಿನಲ್ಲಿ ಇಡುತ್ತೀರಿ? ವಿಜ್ಞಾನವಾ, ಪ್ರವಾಸವಾ, ಹಾಸ್ಯವಾ? ಗಿಡ ಗುರುತಿಸುವುದನ್ನು ಕಲಿತವರ ಬರವಣಿಗೆಯಲ್ಲಿ ಒಂದು ಗುಣ ಬರುತ್ತದೆ, ಅವರು ‘ದಾರಿ ಬದಿಯಲ್ಲಿ ಯಾವುದೋ ಕೆಂಪು ಹೂ’ ಅಂತ ಬರೆಯುವುದಿಲ್ಲ. ಕೇಪಳ ಅಂತ ಬರೆಯುತ್ತಾರೆ. ಕೇಪಳ ಅಂದರೆ ಗುಡ್ಡ, ಮುರಕಲ್ಲು, ಕುರುಚಲು, ಮಕ್ಕಳು ಬಾಯಿಗೆ ಹಾಕಿಕೊಳ್ಳುವ ಸಣ್ಣ ಹಣ್ಣು, ಎಲ್ಲ ತಾನಾಗಿ ಬರುತ್ತದೆ. ಪುನರ್ಪುಳಿ (ಕೋಕಂ) ಹಣ್ಣು ಹೆಕ್ಕುವ ದೃಶ್ಯ ಬರೆದರೆ ಅದು ಬೇಸಿಗೆ ಅಂತ ಪ್ರತ್ಯೇಕ ಹೇಳಬೇಕಾಗಿಲ್ಲ. ಆದರೆ ದೀಪಾವಳಿಗೆ ಊರಿಗೆ ಬಂದ ಮೊಮ್ಮಗ ಮರದಡಿ ಪುನರ್ಪುಳಿ ಹೆಕ್ಕಿದರೆ ಓದುವ ನಮ್ಮೂರಿನವರು ಅಲ್ಲಿಗೇ ಪುಸ್ತಕ ಮುಚ್ಚುತ್ತಾರೆ.

ಯಕ್ಷಗಾನ ಪ್ರಸಂಗದ ಪುಸ್ತಕಗಳು ಇನ್ನೊಂದು ರಾಶಿ. ತೆಳ್ಳಗಿನವು, ಪಿನ್ನು ಹೊಡೆದವು, ತುಕ್ಕು ಹಿಡಿದವು. ಹೊಸಬರು ತೆರೆದರೆ ಬರೀ ಪದ್ಯ, ತಲೆ ಮೇಲೆ ರಾಗ ತಾಳದ ಹೆಸರು. ಮಾತು ಇಲ್ಲ. ಮಾತು ಕಲಾವಿದರದ್ದು, ರಂಗದಲ್ಲೇ ಹುಟ್ಟಬೇಕು. ತಾಳಮದ್ದಳೆಯಲ್ಲಂತೂ ವೇಷವೂ ಇಲ್ಲ ಕುಣಿತವೂ ಇಲ್ಲ, ಭಾಗವತರು ಪದ ಹೇಳಿದರೆ ಅರ್ಥಧಾರಿ ಕೂತಲ್ಲೇ ಅದರ ಮೇಲೆ ಮಾತು ಕಟ್ಟುತ್ತಾರೆ. ಎದುರಿನ ಅರ್ಥಧಾರಿ ಏನು ಕೇಳುತ್ತಾರೆ ಅಂತ ಮೊದಲೇ ಗೊತ್ತಿರುವುದಿಲ್ಲ. ಅದಕ್ಕೇ ಒಳ್ಳೆಯ ಅರ್ಥಧಾರಿಗಳ ಓದು ನೋಡಿ, ಪುರಾಣ ಬಿಡಿ, ಹಳಗನ್ನಡ ಕಾವ್ಯ, ತರ್ಕ, ಊರ ಗಾದೆ, ಇವತ್ತಿನ ಪೇಪರು, ಯಾವುದನ್ನೂ ಬಿಡುವುದಿಲ್ಲ. ಬಿಟ್ಟರೆ ಎದುರಿನವರು ಅಲ್ಲೇ ಹಿಡಿಯುತ್ತಾರೆ. ಸಂಭಾಷಣೆ ಬರೆಯಲು ಕಷ್ಟಪಡುವ ಕಥೆಗಾರರು ಒಂದು ಪ್ರಸಂಗ ಪುಸ್ತಕ ಕೊಂಡು, ಒಂದು ರಾತ್ರಿ ತಾಳಮದ್ದಳೆಗೆ ಹೋಗಿ, ನಾಲ್ಕು ಸಾಲಿನ ಪದ್ಯ ಹೇಗೆ ಅರ್ಧ ಗಂಟೆಯ ಜಗಳ ಆಗುತ್ತದೆ ಅಂತ ಕೂತು ಕೇಳಬೇಕು. ಕಥೆಯಲ್ಲಿ ಪಾತ್ರಗಳು ಒಬ್ಬರಿಗೊಬ್ಬರು ಮಾಹಿತಿ ಕೊಡುತ್ತಾ ಕೂರುತ್ತವೆ, ಅಲ್ಲಿ ಹಾಗಿಲ್ಲ, ಪ್ರತಿ ಮಾತೂ ಎದುರಿನವನನ್ನು ಕೆಣಕಲಿಕ್ಕೆ.

ನಂದಳಿಕೆಯ ಮುದ್ದಣ ಇದಕ್ಕೆ ನಮ್ಮ ಮನೆಯ ಉದಾಹರಣೆ. ಕೆಲಸ ಡ್ರಿಲ್ ಮೇಷ್ಟ್ರದ್ದು. ‘ರತ್ನಾವತಿ ಕಲ್ಯಾಣ’, ‘ಕುಮಾರ ವಿಜಯ’ ಅಂತ ಯಕ್ಷಗಾನ ಪ್ರಸಂಗ ಬರೆದವರು ಆಮೇಲೆ ಗದ್ಯಕ್ಕೆ ಬಂದು ‘ಶ್ರೀರಾಮಾಶ್ವಮೇಧಂ’ ಬರೆದರು. 1901ರಲ್ಲಿ ತೀರಿಕೊಂಡಾಗ ವಯಸ್ಸು ಮೂವತ್ತು ದಾಟಿತ್ತಷ್ಟೆ. ಆ ಪುಸ್ತಕದಲ್ಲಿ ಮುದ್ದಣ ಕಥೆ ಹೇಳುತ್ತಾ ಹೋದ ಹಾಗೆ ಹೆಂಡತಿ ಮನೋರಮೆ ನಡುನಡುವೆ ತಡೆದು ಚುಚ್ಚುತ್ತಾಳಲ್ಲ, ಆ ಚುರುಕು ಯಕ್ಷಗಾನದ ಮಾತಿನಿಂದ ಬಂದದ್ದು ಅಂತ ನನ್ನ ನಂಬಿಕೆ. ವಿದ್ವಾಂಸರು ಒಪ್ಪದಿದ್ದರೆ ಬಿಡಲಿ.

ಶಿವರಾಮ ಕಾರಂತರ ಪುಸ್ತಕ ಈ ಅಂಗಡಿಯಲ್ಲಿ ಯಾವ ರಾಶಿಯಲ್ಲಿದೆ ಅಂತ ಕೇಳಬೇಡಿ, ಎಲ್ಲ ರಾಶಿಯಲ್ಲೂ ಇವೆ. ಅದು ಅಂಗಡಿಯವರ ತಪ್ಪಲ್ಲ. ಕಾದಂಬರಿ ಒಂದು ಕಡೆ, ಯಕ್ಷಗಾನದ ಅಧ್ಯಯನ ಇನ್ನೊಂದು ಕಡೆ, ಮಕ್ಕಳಿಗೆ ಬರೆದ ‘ಬಾಲ ಪ್ರಪಂಚ’ದ ಸಂಪುಟ ಮತ್ತೊಂದು ಕಡೆ, ‘ವಿಜ್ಞಾನ ಪ್ರಪಂಚ’ ಗೈಡುಗಳ ಅಡಿಯಲ್ಲಿ. ನಾಟಕ, ಪ್ರವಾಸ, ಅರ್ಥಕೋಶ ಬೇರೆ. ಕಾರಂತರಿಗೆ 1977ರ ಜ್ಞಾನಪೀಠ ಬಂದದ್ದು ಕಾದಂಬರಿಗೆ ಅಂತ ಎಲ್ಲರಿಗೂ ಗೊತ್ತು. ಆದರೆ ‘ಮೂಕಜ್ಜಿಯ ಕನಸುಗಳು’ ಓದುವಾಗ, ಗುಹೆ, ಕಲ್ಲು, ಮೂಳೆ, ದೇವರು ಹುಟ್ಟಿದ ಬಗೆ ಇದೆಲ್ಲ ಆ ಅಜ್ಜಿಯ ಮುಂದೆ ಬರುವುದು ಬರೀ ಕಾದಂಬರಿ ಓದಿದ ಮನುಷ್ಯನ ತಲೆಯಿಂದ ಸಾಧ್ಯವಾ? ವಿಶ್ವಕೋಶ ಬರೆಯಲು ಕೂತವನ ಓದು ಅದು. ಕಾರಂತರ ಹೆಸರು ಹೇಳಿದ ಕೂಡಲೇ ‘ಅವರು ಅವರೇ, ನಮಗೆಲ್ಲ ಆಗುತ್ತದಾ’ ಅಂತ ಕೈ ಮುಗಿದು ತಪ್ಪಿಸಿಕೊಳ್ಳುವುದು ನಮ್ಮಲ್ಲಿ ಅಭ್ಯಾಸ. ಅಷ್ಟು ಬರೆಯಲಿಕ್ಕೆ ಆಗುವುದಿಲ್ಲ, ಸರಿ. ಓದಲಿಕ್ಕೆ ಏನು ಅಡ್ಡಿ?

ಇಲ್ಲಿ ಒಂದು ಎಚ್ಚರಿಕೆಯ ಮಾತೂ ಇದೆ. ಒಮ್ಮೆ ಈ ರುಚಿ ಹತ್ತಿದರೆ ಓದಿದ್ದೆಲ್ಲ ಕಥೆಯೊಳಗೆ ತುರುಕುವ ಹುಚ್ಚು ಹಿಡಿಯುತ್ತದೆ. ಫ್ರಾನ್ಸಿಸ್ ಬುಕಾನನ್ 1800–01ರಲ್ಲಿ ಈ ಕಡೆ ಸುತ್ತಾಡಿ ಬರೆದ ಪ್ರವಾಸದ ಪುಸ್ತಕ 1807ರಲ್ಲಿ ಮೂರು ಸಂಪುಟವಾಗಿ ಬಂತು, ಅದರ ಮರುಮುದ್ರಣದ ಒಂದು ಸಂಪುಟ ಇಲ್ಲಿ ಕಣ್ಣಿಗೆ ಬಿದ್ದಿತ್ತು. ಬೆಳೆ, ಗೇಣಿ, ಅಳತೆ, ಬೆಲೆ, ಜಾತಿ, ಎಲ್ಲ ಬರೆದಿಟ್ಟಿದ್ದಾನೆ ಆ ಮನುಷ್ಯ. ಟಿಪ್ಪು ಸತ್ತ ಮರುವರ್ಷ, ಕಂಪನಿ ಸರಕಾರ ತನ್ನ ಕೈಗೆ ಬಂದದ್ದನ್ನು ಎಣಿಸಿ ನೋಡಲು ಕಳಿಸಿದವನು, ಅಳೆಯುವುದೇ ಅವನ ಕೆಲಸ. ಹಳೇ ಕಾಲದ ಕಾದಂಬರಿ ಬರೆಯುವವರಿಗೆ ಬಂಗಾರದಂಥ ಪುಸ್ತಕ. ಆದರೆ ಹಾಗೇ ಎತ್ತಿ ಹಾಕಿದರೆ ಕಾದಂಬರಿ ಗೆಜೆಟಿಯರ್ ಆಗುತ್ತದೆ. ನನ್ನ ಲೆಕ್ಕ ಇಷ್ಟೇ, ಹತ್ತು ಪುಟ ಓದಿದ್ದರಲ್ಲಿ ಒಂದು ಮಾತು ಕಥೆಗೆ ಬಂದರೆ ಸಾಕು. ಉಳಿದದ್ದು ಬರೆಯುವವನ ಧೈರ್ಯಕ್ಕೆ. ಗೊತ್ತಿದ್ದು ಬಿಟ್ಟದ್ದಕ್ಕೂ ಗೊತ್ತಿಲ್ಲದೆ ಬಿಟ್ಟದ್ದಕ್ಕೂ ಓದುವವರಿಗೆ ವ್ಯತ್ಯಾಸ ತಿಳಿಯುತ್ತದೆ, ಹೇಗೆ ಅಂತ ಕೇಳಬೇಡಿ.

ಅಡುಗೆ ಪುಸ್ತಕಗಳೂ ಬೇಕಾದಷ್ಟಿವೆ. ಯಾವುದು ಮೊದಲು ಯಾವುದು ಆಮೇಲೆ ಅಂತ ಒಂದೂ ಹೆಚ್ಚಿನ ಮಾತಿಲ್ಲದೆ ಬರೆಯುವುದು ಕಲಿಯಲು ಒಂದು ಓದಿ, ಸಾಕು. ಕವನ ಸಂಕಲನಗಳು ರಾಶಿ ರಾಶಿ, ಅರ್ಧದಲ್ಲಿ ಕವಿಯೇ ಸಹಿ ಮಾಡಿ ಯಾರಿಗೋ ಪ್ರೀತಿಯಿಂದ ಕೊಟ್ಟದ್ದು, ಅವರು ತೂಕಕ್ಕೆ ಹಾಕಿದ್ದಾರೆ. ಗದ್ಯ ಬರೆಯುವವರು ಅದರಲ್ಲಿ ಒಂದನ್ನಾದರೂ ಬಾಯಿಬಿಟ್ಟು ಓದಿ, ನಿಮ್ಮ ವಾಕ್ಯದಲ್ಲಿ ಎಲ್ಲಿ ಉಸಿರು ಕಟ್ಟುತ್ತದೆ ಅಂತ ಆಮೇಲೆ ಗೊತ್ತಾಗುತ್ತದೆ. ವ್ಯಕ್ತಿತ್ವ ವಿಕಸನದ ಪುಸ್ತಕಗಳ ಬಗ್ಗೆ ಏನೂ ಹೇಳುವುದಿಲ್ಲ.

ಗುಂಪಿನಲ್ಲಿ ಚಿಕ್ಕ ವಯಸ್ಸಿನ ಒಬ್ಬಳು ಕೇಳಿದಳು, ‘ಇಷ್ಟೆಲ್ಲ ಓದಿದ್ರೆ ನಮ್ದು ಅಂತ ಇರೋ ದನಿ ಹೋಗಲ್ವಾ?’ ಬೆಂಗಳೂರಲ್ಲಿ ಓದಿ ಬಂದವಳು, ಚೆನ್ನಾಗಿ ಬರೆಯುತ್ತಾಳೆ. ಪ್ರಶ್ನೆ ಸರಿಯಾದದ್ದೇ. ಆದರೆ ದನಿ ಹೋಗುವ ಅಪಾಯ ಜಾಸ್ತಿ ಇರುವುದು ಒಬ್ಬರೇ ಲೇಖಕರನ್ನು, ಒಂದೇ ಬಗೆಯನ್ನು ಓದುವವರಿಗೆ. ಒಬ್ಬರನ್ನೇ ಓದಿದರೆ ಆರು ತಿಂಗಳಲ್ಲಿ ಅವರ ಹಾಗೆಯೇ ಬರೆಯುತ್ತೇವೆ, ಯಾರಿಂದ ಬಂತು ಅಂತ ಓದುವವರೂ ಹೇಳುತ್ತಾರೆ. ಕಾನೂನು, ಕೀಟ, ಪತ್ತೇದಾರಿ, ಪ್ರಸಂಗ ನಾಲ್ಕನ್ನೂ ಓದಿದವರು ಯಾರನ್ನು ಅಂತ ನಕಲು ಮಾಡುತ್ತಾರೆ? ಅವಳಿಗೆ ಇದನ್ನೇ ಹೇಳಿದೆ. ಪೂರ್ತಿ ಒಪ್ಪಲಿಲ್ಲ. ಆದರೆ ಆಮೇಲೆ ಒಂದು ದಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ನೆಲದ ಮೇಲೆ ಕೂತು ದೋಣಿಯ ಇಂಜಿನ್ ರಿಪೇರಿ ಬಗ್ಗೆ ಏನೋ ಓದುತ್ತಿದ್ದಳು.

ಇಷ್ಟು ಹೊಗಳಿದ ಮೇಲೆ ತೊಂದರೆಗಳನ್ನೂ ಹೇಳಬೇಕು. ಕಡಿಮೆ ಇಲ್ಲ.

ಬೆಳಕು ಸಾಲದು. ಹಿಂದಿನ ಕೋಣೆಗೆ ಒಂದೇ ಟ್ಯೂಬ್‌ಲೈಟು, ಅದೂ ಗೈಡುಗಳ ಕಡೆ ಮುಖ. ಮೊಬೈಲ್ ಟಾರ್ಚ್ ಹಿಡಿದೇ ಓದಬೇಕು. ಧೂಳಿನ ಬಗ್ಗೆ ಹೇಳಬೇಕಾಗಿಲ್ಲ, ಅಲರ್ಜಿ ಇರುವವರು ಮಾಸ್ಕ್ ಹಾಕಿ ಹೋಗಿ. ಫ್ಯಾನ್ ಇದೆ, ತಿರುಗುವುದು ನಾನಂತೂ ನೋಡಿಲ್ಲ. ಕೂರಲು ಜಾಗ ಇಲ್ಲ. ರಾಶಿಯ ನಡುವಿನಿಂದ ಎಳೆದರೆ ಮೇಲಿನದ್ದೆಲ್ಲ ಕಾಲ ಮೇಲೆ ಬೀಳುತ್ತದೆ, ಬಿದ್ದರೆ ಅಂಗಡಿಯವರು ಮುಂದಿನಿಂದಲೇ ‘ಮೆಲ್ಲ, ಮೆಲ್ಲ’ ಅನ್ನುತ್ತಾರೆ, ಎದ್ದು ಬರುವುದಿಲ್ಲ.

ಬೆಲೆಗೆ ತಲೆಬುಡ ಇಲ್ಲ. ಪತ್ತೇದಾರಿ ಕಾದಂಬರಿಗೆ ಈಗ ಸಂಗ್ರಹ ಮಾಡುವವರು ಹುಟ್ಟಿಕೊಂಡಿದ್ದಾರೆ, ಹಾಗಾಗಿ ಕಿಸೆಯಲ್ಲಿ ಹಿಡಿಯುವ ತೆಳು ಪುಸ್ತಕಕ್ಕೆ 150, 200 ಹೇಳುತ್ತಾರೆ. ವಿಜ್ಞಾನದ ದಪ್ಪ ಪುಸ್ತಕ 30ಕ್ಕೆ ಸಿಗುತ್ತದೆ. ಚರ್ಚೆ ಮಾಡಿದರೆ ಸಿಟ್ಟು ಬರುತ್ತದೆ ಅವರಿಗೆ. ‘ಹಾಗಾದರೆ ಬೇಡ ಬಿಡಿ, ಇಲ್ಲಿಡಿ’ ಅಂದುಬಿಡುತ್ತಾರೆ. ಮೂರು ನಾಲ್ಕು ಒಟ್ಟಿಗೆ ತೆಗೆದುಕೊಂಡರೆ ಮಾತ್ರ ತಾವಾಗಿ ಸ್ವಲ್ಪ ಕಡಿಮೆ ಮಾಡುತ್ತಾರೆ.

ಎಲ್ಲಕ್ಕಿಂತ ದೊಡ್ಡ ದೂರು ಪುಟ ಹೋದದ್ದು. ಬಾಡಿಗೆ ಲೈಬ್ರರಿಯಲ್ಲಿ ನೂರು ಕೈ ದಾಟಿ ಬಂದ ಪುಸ್ತಕಗಳಲ್ಲಿ ಕೊನೆಯ ಹತ್ತು ಹದಿನೈದು ಪುಟ ಇಲ್ಲದಿರುವುದು ಸಾಮಾನ್ಯ. ಪತ್ತೇದಾರಿ ಕಾದಂಬರಿಯಲ್ಲಿ ಕೊನೆಯ ಪುಟಗಳು ಇಲ್ಲ ಅಂದರೆ ಏನು ಗತಿ ಹೇಳಿ! ಅವರು ಮೊದಲೇ ಹೇಳುವುದಿಲ್ಲ, ಕೇಳಿದರೆ ‘ನಾನು ಓದ್ಲಿಲ್ಲ ಅದು’ ಅಂತ ಕೈ ಚೆಲ್ಲುತ್ತಾರೆ. ದುಡ್ಡು ಕೊಡುವ ಮೊದಲು ಕೊನೆ ಪುಟ ನೋಡಿ, ಓದಬೇಡಿ, ಇದೆಯಾ ಅಂತ ಮಾತ್ರ ನೋಡಿ. ಬೆನ್ನಿನ ಹತ್ತಿರ ಹುಳ ತೂತು ಮಾಡಿದೆಯಾ ಅಂತಲೂ. ಹುಳ ಇದ್ದರೆ ಮನೆಯ ಕಪಾಟಿಗೆ ಸೇರಿಸುವ ಮೊದಲು ಬೇರೆ ಇಟ್ಟು, ಪುಟ ಬಿಡಿಸಿ ಒಂದಷ್ಟು ದಿನ ಗಾಳಿಗೆ ಹಿಡಿಯಿರಿ.

ಐದರಲ್ಲಿ ಎಷ್ಟು ಅಂತ ಕೇಳಿದರೆ ಸಾಮಾನ್ಯ ಓದುಗರಿಗೆ ಎರಡೂವರೆ. ಬರೆಯುವವರಿಗೆ ನಾಲ್ಕು. ಆ ಕೊನೆಯ ಪುಟದ ವಿಷಯ ಇಲ್ಲದಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ.

ಹೋಗುವವರಿಗೆ: ಬೆಳಿಗ್ಗೆ ಹತ್ತೂವರೆ ಮೇಲೆ ತೆರೆಯುತ್ತದೆ, ಮಧ್ಯಾಹ್ನ ಊಟಕ್ಕೆ ಮುಚ್ಚುತ್ತಾರೆ, ಎಷ್ಟು ಹೊತ್ತು ಅನ್ನುವುದು ಆ ದಿನದ ಊಟದ ಮೇಲೆ. ಭಾನುವಾರ ರಜೆ. ಗೂಗಲ್ ಪೇ ಇದೆ, ಆದರೆ ನೆಟ್‌ವರ್ಕ್ ಒಳಗೆ ಬರುವುದಿಲ್ಲ, ರಸ್ತೆಗೆ ಬಂದು ಮಾಡಬೇಕು. ಕಾರು ತರಬೇಡಿ, ನಿಲ್ಲಿಸಲು ಜಾಗ ಹುಡುಕುವುದರಲ್ಲಿ ಸಂಜೆ ಆಗುತ್ತದೆ. ಸಿಟಿ ಬಸ್ಸಿನಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ ಇಳಿದು ನಡೆಯಿರಿ. ಜೂನ್‌ನಿಂದ ಆಗಸ್ಟ್‌ವರೆಗೆ ಹೋಗದಿರುವುದೇ ಒಳ್ಳೆಯದು, ನಮ್ಮ ಮಳೆಗೆ ಆ ಕೋಣೆಯ ಪುಸ್ತಕಗಳು ಉಬ್ಬಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಎಳೆದರೆ ರಟ್ಟು ಮಾತ್ರ ಕೈಗೆ ಬರುತ್ತದೆ. ದೀಪಾವಳಿ ಕಳೆದ ಮೇಲೆ, ಜನ ಮನೆ ಗುಡಿಸಿ ಹಳೆಯದನ್ನೆಲ್ಲ ಹಾಕಿದ ನಂತರ ಹೋದರೆ ಹೊಸ ಗೋಣಿಗಳು ಬಂದಿರುತ್ತವೆ. ಬಿಚ್ಚದ ಗೋಣಿ ಇದ್ದರೆ ಬಿಚ್ಚಲು ಕೇಳಿ, ಬೇಡ ಅನ್ನುವುದಿಲ್ಲ, ನಿಮ್ಮ ಕೈಯಲ್ಲೇ ಬಿಚ್ಚಿಸುತ್ತಾರೆ. ಗಲ್ಲಾಪೆಟ್ಟಿಗೆಯ ಪಕ್ಕದ ಸ್ಟೂಲಿನ ಮೇಲೆ ದಾರ ಕಟ್ಟಿಟ್ಟ ಒಂದು ಕಟ್ಟು ಪತ್ತೇದಾರಿ ಕಾದಂಬರಿ ಇದೆ. ಅದು ನನಗೆ ಅಂತ ತೆಗೆದಿಟ್ಟದ್ದು, ಮುಟ್ಟಬೇಡಿ.